ಹೊಸ ಕಾರ್ಡಿಗೆ ಹೂಂ ಎನ್ನುವ ಮುನ್ನ: ವಯನಾಡಿನ ಕನ್ನಡ ಬಂಧುಗಳಲ್ಲಿ ಒಂದು ಮನವಿ

ವಯನಾಡಿನಲ್ಲಿ ಹಣ ಬರುವುದಕ್ಕೆ ಒಂದು ಕಾಲವಿದೆ. ರೊಬಸ್ಟಾ ಕಾಫಿಯ ಕೊಯ್ಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಅದರ ಬೆನ್ನಲ್ಲೇ ಕರಿಮೆಣಸು. ಶುಂಠಿ, ಬಾಳೆ, ಅಡಿಕೆ ಕೈಹಿಡಿದರೆ ನಡುನಡುವೆ ಒಂದಿಷ್ಟು ಕಾಸು. ಮಳೆಗಾಲ ಶುರುವಾಯಿತೆಂದರೆ ಕೈ ಬರಿದು. ಖರ್ಚುಗಳು ಮಾತ್ರ ಆಗಲೇ ಸಾಲುಗಟ್ಟುತ್ತವೆ: ಜೂನಿನಲ್ಲಿ ಮಕ್ಕಳ ಶಾಲೆ, ತೋಟಕ್ಕೆ ಗೊಬ್ಬರ, ಮನೆಯಲ್ಲೊಬ್ಬರಿಗೆ ಜ್ವರ, ಸೋರುವ ಮಾಡು. ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ ಈ ಕಾಲಗಳ ಪರಿವೆಯಿಲ್ಲ. ಅದು ತಿಂಗಳು ತಿಂಗಳೂ ಅದೇ ತಾರೀಖಿಗೆ ಬರುತ್ತದೆ. ಹಳೆಯ ಕಾರ್ಡ್ ಹೋಗಿ ಹೊಸದು ಬರುವ ಹೊತ್ತಿನಲ್ಲಿ ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಯೋಚಿಸಿ ಎಂದು ನಿಮ್ಮಲ್ಲಿ ಕೇಳಿಕೊಳ್ಳಲು ಈ ಬರಹ.

ಕಲ್ಪೆಟ್ಟ, ಮಾನಂತವಾಡಿ, ಸುಲ್ತಾನ್ ಬತ್ತೇರಿಯ ಸುತ್ತ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮೂಲದ ಜೈನ ಮನೆತನಗಳಿಗೆ, ಚಾಮರಾಜನಗರ, ಮೈಸೂರು, ಮಂಡ್ಯದ ಕಡೆಯಿಂದ ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದವರಿಗೆ, ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಕುಟ್ಟದಿಂದ ವ್ಯಾಪಾರಕ್ಕೆ ಬಂದು ಹೋಗುವವರಿಗೆ, ಎಲ್ಲರಿಗೂ ಈ ಮಾತು. ನಾನು ಬ್ಯಾಂಕಿನ ಕೌಂಟರಿನ ಒಳಗೆ ಕೂತವರ ಪೈಕಿಯಲ್ಲ, ಹೊರಗೆ ಸಾಲಿನಲ್ಲಿ ನಿಂತವರ ಪೈಕಿ. ಹಾಗಾಗಿ ನಿಮ್ಮ ಕಡೆಯಿಂದಲೇ ಮಾತಾಡುತ್ತೇನೆ.

ಕಾರ್ಡ್ ಬದಲಾಗಲು ನಾವೇ ಕಾರಣ ಆಗಬೇಕೆಂದೇನೂ ಇಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರು ಎರಡೂ ಒಂದೇ ದಿನ ಎಸ್‌ಬಿಐಯೊಳಗೆ ಸೇರಿದವು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಫಲಕ ಒಂದೇ ವರ್ಷದ ಅಂತರದಲ್ಲಿ ಇಳಿಯಿತು. ಅದನ್ನು ನೆನೆದರೆ ಈಗಲೂ ಬೇಸರವೇ. 2023ರ ಮಾರ್ಚ್‌ನಲ್ಲಿ ಸಿಟಿ ಬ್ಯಾಂಕಿನ ಭಾರತದ ಕಾರ್ಡುದಾರರು ಆಕ್ಸಿಸ್ ಬ್ಯಾಂಕಿನವರಾದರು. ಇದಕ್ಕೂ ಮೊದಲು, 2018ರ ಕೊನೆಗೆ, ಬರೀ ಕಪ್ಪು ಪಟ್ಟಿಯಿದ್ದ ಕಾರ್ಡುಗಳೆಲ್ಲ ಹೋಗಿ ಚಿಪ್ ಇರುವ ಕಾರ್ಡುಗಳು ಬಂದವು. ಇನ್ನು ಅವಧಿ ಮುಗಿಯುವುದು, ಕಳೆದುಹೋಗುವುದು, ಮಾಹಿತಿ ಕದ್ದರೆಂಬ ಅನುಮಾನದಿಂದ ಬ್ಯಾಂಕೇ ಬಂದ್ ಮಾಡುವುದು ದಿನನಿತ್ಯದ ಸಂಗತಿ.

ಇಂಥ ಹೊತ್ತಿನಲ್ಲಿ ಬಹಳ ಜನ ಬಂದ ಲಕೋಟೆಯನ್ನು ಒಡೆದು, ಕಾರ್ಡ್ ತೆಗೆದು, ಪರ್ಸಿನೊಳಗೆ ಇಟ್ಟುಬಿಡುತ್ತಾರೆ. ಹೆಸರು ಅದೇ, ಬ್ಯಾಂಕೂ ಅದೇ ಅಥವಾ ಅದರ ಹೊಸ ರೂಪ, ಮತ್ತೇನು ನೋಡುವುದು ಎಂಬ ನಂಬಿಕೆ. ಆದರೆ ಆ ಲಕೋಟೆಯಲ್ಲಿ ಬಂದಿರುವುದು ಹೊಸ ಕರಾರೇ ಇರಬಹುದು. ವಾರ್ಷಿಕ ಶುಲ್ಕ ಬದಲಾಗಿರಬಹುದು. ರಿವಾರ್ಡ್ ಪಾಯಿಂಟಿನ ಲೆಕ್ಕ ಬದಲಾಗಿರಬಹುದು. ಲಿಮಿಟ್ ಏರಿರಬಹುದು. ದಯವಿಟ್ಟು ಆ ಕಾಗದವನ್ನು ಕಾರ್ಡಿಗಿಂತ ಮೊದಲು ಓದಿ.

ಓದುವುದಷ್ಟೇ ಸಾಕಾಗದು, ಬೇಡ ಎನ್ನುವ ಹಕ್ಕೂ ನಿಮಗಿದೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಹೊರಡಿಸಿ, ಆಮೇಲೆ ತಿದ್ದಿದ ನಿರ್ದೇಶನ ಇದನ್ನು ಸ್ಪಷ್ಟವಾಗಿ ಹೇಳಿದೆ. ನೀವು ಬಂದ್ ಮಾಡಿಸಿದ ಕಾರ್ಡಿನ ಬದಲಿಗೆ ಇನ್ನೊಂದನ್ನು ಕೊಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಅವಧಿ ಮುಗಿದ ಕಾರ್ಡನ್ನು ನವೀಕರಿಸಲೂ ಒಪ್ಪಿಗೆ ಬೇಕು. ಬಂದ ಕಾರ್ಡನ್ನು 30 ದಿನಗಳಲ್ಲಿ ಚಾಲೂ ಮಾಡದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು. ನೀವು ಕೊಡದಿದ್ದರೆ ಯಾವ ಶುಲ್ಕವೂ ಇಲ್ಲದೆ ಆ ಖಾತೆಯನ್ನು ಮುಚ್ಚಬೇಕು. ಕೇಳದೆಯೇ ಕಾರ್ಡ್ ಕಳಿಸಿ, ನಿಮ್ಮ ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ ಹಾಕಿದರೆ ಆ ಬಿಲ್ಲನ್ನು ರದ್ದುಪಡಿಸುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನು ನಿಮಗೇ ಕೊಡಬೇಕು. ನಿಮ್ಮನ್ನು ಕೇಳದೆ ಲಿಮಿಟ್ ಏರಿಸುವಂತಿಲ್ಲ. 2024ರ ಸೆಪ್ಟೆಂಬರ್ 6ರಿಂದ, ದೊಡ್ಡ ಬ್ಯಾಂಕುಗಳು ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಮುಂತಾದವುಗಳಲ್ಲಿ ಯಾವುದು ಬೇಕೆಂದು ಆರಿಸಿಕೊಳ್ಳಲು ನಿಮಗೆ ಅವಕಾಶ ಕೊಡಬೇಕು. ಹಳೆಯ ಗ್ರಾಹಕರಿಗೆ ನವೀಕರಣದ ಹೊತ್ತಿನಲ್ಲಿ ಈ ಅವಕಾಶ. ಬದಲಿ ಕಾರ್ಡಿನ ಹೊತ್ತೆಂದರೆ ನಿಮ್ಮ ಮಾತಿಗೆ ಬೆಲೆಯಿರುವ ಹೊತ್ತು. ಅದನ್ನು ಕೈಬಿಡಬೇಡಿ.

ಹಾಗಾದರೆ ಯಾವುದನ್ನು ಆರಿಸುವುದು? ಮೊದಲು ಯಾವುದು ಬೇಡ ಎಂದು ನೋಡೋಣ. ಕಾರ್ಡ್ ಮಾರಲು ಬರುವ ಹುಡುಗರು ವಿಮಾನ ನಿಲ್ದಾಣದ ಲೌಂಜ್‌ನ ಬಗ್ಗೆ ಹೇಳುತ್ತಾರೆ, ರೈಲು ಟಿಕೆಟ್ಟಿನ ರಿಯಾಯಿತಿಯ ಬಗ್ಗೆ ಹೇಳುತ್ತಾರೆ. ಪಾಪ, ಅವರಿಗೆ ಕೊಟ್ಟ ಪಾಠ ಅದು. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಒಂದಡಿ ರೈಲು ಹಳಿಯೂ ಇಲ್ಲ; ನಂಜನಗೂಡು–ನಿಲಂಬೂರು ಮಾರ್ಗಕ್ಕಾಗಿ ಕೇಳುತ್ತಲೇ ಇದ್ದೇವೆ. ವಿಮಾನ ಹತ್ತಬೇಕಾದರೆ ಕರಿಪ್ಪೂರಿಗೋ ಕಣ್ಣೂರಿಗೋ ಹೋಗಬೇಕು. ಮಗ ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಕಳಿಸಲು ಹೋಗುವವರಿಗೆ ಲೌಂಜ್‌ನ ಲಾಭ ಎಷ್ಟು ಬಾರಿ ಸಿಕ್ಕೀತು?

ಶುಲ್ಕದ ಲೆಕ್ಕವನ್ನೂ ಒಂದು ಹಾಳೆಯ ಮೇಲೆ ಹಾಕಿ ನೋಡಿ. ತಿಂಗಳಿಗೆ 8,000 ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡುತ್ತೀರಿ ಎಂದಿಟ್ಟುಕೊಳ್ಳಿ. ಶೇ 1ರಷ್ಟು ವಾಪಸ್ ಕೊಡುತ್ತೇವೆ ಎನ್ನುತ್ತಾರೆ. ವರ್ಷಕ್ಕೆ 960 ರೂಪಾಯಿ ಬಂತು. ಕಾರ್ಡಿನ ವಾರ್ಷಿಕ ಶುಲ್ಕ 1,000, ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿ 1,180. ಬಹುಮಾನದ ಕಾರ್ಡು ನಿಮ್ಮ ಕೈಯಿಂದ 220 ರೂಪಾಯಿ ಕಿತ್ತುಕೊಂಡಿತು. ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂಬ ಮಾತಿದ್ದರೆ, ಆ ಖರ್ಚು ನಿಮ್ಮ ಮನೆಯಲ್ಲಿ ತಾನಾಗಿ ಆಗುವಂಥದ್ದೋ, ಮನ್ನಾಕ್ಕಾಗಿಯೇ ಮಾಡಬೇಕಾದದ್ದೋ ಎಂದು ಕೇಳಿಕೊಳ್ಳಿ. ನನ್ನ ಅಭಿಪ್ರಾಯ ನೇರ: ವಾರ್ಷಿಕ ಶುಲ್ಕವೇ ಇಲ್ಲದ ಸಾದಾ ಕಾರ್ಡ್ ನಮ್ಮಲ್ಲಿ ಹತ್ತರಲ್ಲಿ ಎಂಟು ಮನೆಗೆ ಸಾಕು.

ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದಾಗಿದೆ. ಪನಮರಂನ ಔಷಧಿ ಅಂಗಡಿಯಾಗಲಿ, ಕಾಟ್ಟಿಕುಳಂನ ದಿನಸಿ ಅಂಗಡಿಯಾಗಲಿ, ಕಾರ್ಡ್ ಉಜ್ಜುವ ಯಂತ್ರ ಇಲ್ಲದಿದ್ದರೂ ಕ್ಯೂಆರ್ ಫಲಕ ಇರುತ್ತದೆ. ಹಾಗಾಗಿ ನಮ್ಮ ಕಡೆಗೆ ಇದು ಉಪಯೋಗದ ಸಂಗತಿ. ಅಂಗಡಿಗೆ ಕೊಡಬಹುದು, ಒಬ್ಬರಿಂದ ಒಬ್ಬರಿಗೆ ಕಳಿಸಲಾಗದು. ಆದರೆ ಚಹಾಕ್ಕೂ ಸಾಲ, ಬಾಳೆಹಣ್ಣಿಗೂ ಸಾಲ ಆಗಿಬಿಡುವ ಅಪಾಯವೂ ಅಲ್ಲೇ ಇದೆ. ಫೋನಿನಲ್ಲಿ ಒಂದೇ ತೆರೆಯ ಮೇಲೆ ಉಳಿತಾಯ ಖಾತೆ, ಕ್ರೆಡಿಟ್ ಕಾರ್ಡ್ ಎರಡೂ ಕಾಣುತ್ತವೆ. ಯಾವುದರಿಂದ ಹೋಗುತ್ತಿದೆ ಎಂದು ಒತ್ತುವ ಮೊದಲು ನೋಡಿ.

ಇನ್ನು ತಾರೀಖಿನ ವಿಷಯ. ನಾನು ಮುಖ್ಯ ಎಂದು ತಿಳಿದಿರುವುದು ಇದನ್ನೇ. ಬಿಲ್ ಆಗುವ ದಿನವನ್ನು ಕನಿಷ್ಠ ಒಂದು ಬಾರಿಯಾದರೂ ಬದಲಾಯಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ನಿಮಗೆ ಕೊಡಲೇಬೇಕು. ಸಂಬಳ 5ನೇ ತಾರೀಖಿಗೆ ಬರುವವರಿಗೆ ಬಿಲ್ ಕಟ್ಟುವ ಗಡುವು 2ನೇ ತಾರೀಖಾದರೆ ಪ್ರತಿ ತಿಂಗಳೂ ಪರದಾಟ. ಅದನ್ನೇ 10ಕ್ಕೆ ತಂದುಕೊಂಡರೆ ನೆಮ್ಮದಿ. ಒಂದು ಫೋನ್ ಕರೆಯ ಕೆಲಸ, ಕೇಳುವವರು ಮಾತ್ರ ಕಡಿಮೆ. ಸಂಬಳವೇ ಇಲ್ಲದ, ಕೊಯ್ಲಿನ ಹಣವನ್ನೇ ನಂಬಿದ ಮನೆಯವರು ಲಿಮಿಟ್ಟನ್ನು ತಾವೇ ತಗ್ಗಿಸಿಕೊಳ್ಳಿ. ಆಗಸ್ಟ್ ತಿಂಗಳಲ್ಲಿ, ಮಳೆ ಹಿಡಿದು ಕೂತಾಗ, ಯಾರ ಬಳಿಯೂ ಕೈಚಾಚದೆ ನೀವು ಎಷ್ಟು ಕಟ್ಟಬಲ್ಲಿರಿ? ಅಷ್ಟೇ ನಿಮ್ಮ ಲಿಮಿಟ್. ಬ್ಯಾಂಕ್ ಒಂದೂವರೆ ಲಕ್ಷ ಕೊಡುತ್ತೇನೆಂದರೂ ಅಷ್ಟೇ.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಕಿಸಾನ್ ಕ್ರೆಡಿಟ್ ಕಾರ್ಡ್ (ಕೆಸಿಸಿ) ಎಂಬುದೂ ಕ್ರೆಡಿಟ್ ಕಾರ್ಡೇ ಎಂದು ಕೆಲವರು ತಿಳಿದಿದ್ದಾರೆ. ಹೆಸರು ಒಂದೇ, ಗುಣ ಬೇರೆ. 1998ರಲ್ಲಿ ಬಂದ ಕೆಸಿಸಿ ಬೆಳೆಸಾಲದ ಏರ್ಪಾಡು. 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಶೇ 7ರ ಬಡ್ಡಿ; ಗಡುವಿನೊಳಗೆ ಕಟ್ಟಿದವರಿಗೆ ಇನ್ನೂ ಶೇ 3 ಕಡಿತವಾಗಿ ಶೇ 4ಕ್ಕೆ ಇಳಿಯುತ್ತದೆ. 2025ರ ಜನವರಿ 1ರಿಂದ 2 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ತೀರಿಸುವ ಅವಧಿ ಬೆಳೆಯ ಕಾಲವನ್ನು ನೋಡಿಕೊಂಡು ನಿಗದಿಯಾಗುತ್ತದೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಇರುವುದು ಅಪರೂಪವೇನಲ್ಲ. ವರ್ಷಕ್ಕೆ ಶೇ 42. ಗೊಬ್ಬರ, ಸುಣ್ಣ, ಆಳಿನ ಕೂಲಿ ಇವು ಕೆಸಿಸಿಯ ಕೆಲಸ. ಅವುಗಳಿಗಾಗಿ ಸಾಮಾನ್ಯ ಕ್ರೆಡಿಟ್ ಕಾರ್ಡನ್ನು ಉಜ್ಜಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2006ರಲ್ಲಿ ಸಾಲದಿಂದ ನೊಂದ ರೈತರಿಗಾಗಿ ಪ್ರಧಾನಿಯವರು ಘೋಷಿಸಿದ ಪ್ಯಾಕೇಜಿನ 31 ಜಿಲ್ಲೆಗಳ ಪಟ್ಟಿಯಲ್ಲಿ ವಯನಾಡೂ ಇತ್ತು, ಪಕ್ಕದ ಕೊಡಗೂ ಇತ್ತು. ಮೆಣಸಿನ ಬಳ್ಳಿ ಸೊರಗಿ, ಕಾಫಿ ಬೆಲೆ ಕುಸಿದ ಆ ವರ್ಷಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲೇ ಇದ್ದಾರು. ಬಡ್ಡಿ ಅಂದರೆ ಏನೆಂದು ಅವರನ್ನು ಕೇಳಿ.

ಈಗ ಬಳಕೆಗೆ ಬರೋಣ. ತಿಂಗಳ ಬಿಲ್ಲಿನಲ್ಲಿ ಎರಡು ಮೊತ್ತ ಅಚ್ಚಾಗಿರುತ್ತವೆ. ಒಂದು ಪೂರ್ತಿ ಬಾಕಿ, ಇನ್ನೊಂದು ಕನಿಷ್ಠ ಮೊತ್ತ. ಪೂರ್ತಿ ಬಾಕಿ 40,000, ಕನಿಷ್ಠ ಮೊತ್ತ 2,000 ಎಂದಿದೆ ಎಂದುಕೊಳ್ಳಿ. ನೀವು 2,000 ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ಶೇ 3.5ರಂತೆ ಒಂದು ತಿಂಗಳ ಬಡ್ಡಿ 1,400 ರೂಪಾಯಿ. ಅದರ ಮೇಲೆ ಜಿಎಸ್‌ಟಿ 252. ಒಟ್ಟು 1,652. ನೀವು ಕಟ್ಟಿದ 2,000ದಲ್ಲಿ ಅಸಲಿಗೆ ಸಂದದ್ದು 348 ರೂಪಾಯಿ. ಇನ್ನೂ ಒಂದಿದೆ: ಬಾಕಿ ಉಳಿದ ಮೇಲೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ನಿಲ್ಲುತ್ತದೆ. ನಾಳೆ ಕೊಳ್ಳುವ ಅಕ್ಕಿಗೆ ನಾಳೆಯಿಂದಲೇ ಬಡ್ಡಿ ಎಣಿಕೆ ಶುರು. ಕನಿಷ್ಠ ಮೊತ್ತ ಕಟ್ಟುವುದರಿಂದ ತಪ್ಪುವುದು ತಡವಾದುದಕ್ಕೆ ಬೀಳುವ ದಂಡ ಮಾತ್ರ; ಸಾಲ ಇದ್ದಲ್ಲೇ ಇರುತ್ತದೆ.

ಈ ಬಡ್ಡಿಗೆ ಕಾನೂನಿನ ಮಿತಿ ಇದೆಯೆಂದು ನಂಬಿ ಕೂರಬೇಡಿ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಗಡುವಿನೊಳಗೆ ಪೂರ್ತಿ ಕಟ್ಟುವುದೇ ಈಗ ನಮ್ಮ ಕೈಯಲ್ಲಿರುವ ಮಿತಿ. ಕಟ್ಟಲಾಗದ ತಿಂಗಳು ಬಂದೇ ಬಂದರೆ ಕಾರ್ಡನ್ನು ಬೀರುವಿನಲ್ಲಿಡಿ, ಹೊಸ ಖರ್ಚು ಹಾಕಬೇಡಿ, ಬ್ಯಾಂಕಿಗೆ ನೀವೇ ಹೋಗಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿಸಿ ಕೊಡಲು ಕೇಳಿ. ಮುಚ್ಚಿಟ್ಟುಕೊಂಡು ಕೂರುವಂಥದ್ದಲ್ಲ ಇದು. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ತೆಗೆದ ಕ್ಷಣಕ್ಕೆ ಶುಲ್ಕ, ಅದೇ ದಿನದಿಂದ ಬಡ್ಡಿ.

ಒಂದು ಕಹಿ ನೆನಪನ್ನು ಇಲ್ಲಿ ತರಲೇಬೇಕು. 2024ರ ಜುಲೈ 30ರ ನಸುಕಿನಲ್ಲಿ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಭೂಕುಸಿತದಲ್ಲಿ ಕೊಚ್ಚಿಹೋದವು. 200ಕ್ಕೂ ಹೆಚ್ಚು ಜೀವಗಳು ಹೋದವು. ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದ ನಮ್ಮವರೂ ಅವರಲ್ಲಿದ್ದರು. ಬದುಕುಳಿದವರ ಕೈಯಲ್ಲಿ ಆಧಾರ್ ಇರಲಿಲ್ಲ, ಪಡಿತರ ಚೀಟಿ ಇರಲಿಲ್ಲ, ಬ್ಯಾಂಕ್ ಕಾರ್ಡ್ ಇರಲಿಲ್ಲ, ಒಟಿಪಿ ಬರಬೇಕಾದ ಫೋನೂ ಇರಲಿಲ್ಲ. ದಾಖಲೆಗಳನ್ನು ಮರಳಿ ಕೊಡಲು ಸರಕಾರ ವಿಶೇಷ ಶಿಬಿರಗಳನ್ನು ನಡೆಸಿತು. ಅದೇ ಹೊತ್ತಿನಲ್ಲಿ, ತುರ್ತು ಪರಿಹಾರವೆಂದು ಖಾತೆಗೆ ಬಂದ 10,000 ರೂಪಾಯಿಯಿಂದಲೇ ಅಲ್ಲಿನ ಒಂದು ಬ್ಯಾಂಕ್ ಶಾಖೆಯಲ್ಲಿ ಸಾಲದ ಕಂತು ಕಡಿತವಾಯಿತು. ಜನ ಸಿಟ್ಟಿಗೆದ್ದರು, ಮುಖ್ಯಮಂತ್ರಿಗಳೇ ಬ್ಯಾಂಕರುಗಳ ಸಭೆಯಲ್ಲಿ ಖಂಡಿಸಿದರು, ಹಣ ವಾಪಸಾಯಿತು. ಹಿಂದೆ ಎಂದೋ ಸಹಿ ಹಾಕಿದ ಆಟೋ ಡೆಬಿಟ್ ನಮ್ಮ ಕಷ್ಟಸುಖ ನೋಡದೆ ತನ್ನ ಪಾಡಿಗೆ ನಡೆಯುತ್ತದೆ. ನಿಮ್ಮ ಖಾತೆಯಿಂದ, ಕಾರ್ಡಿನಿಂದ ಏನೇನು ತಾನಾಗಿ ಕಡಿತವಾಗುತ್ತದೆ ಎಂಬ ಪಟ್ಟಿಯನ್ನು ಒಂದು ಕಾಗದದ ಮೇಲೆ ಬರೆದಿಡಿ. ಕಾರ್ಡ್ ಬಂದ್ ಮಾಡಿಸುವ ದೂರವಾಣಿ ಸಂಖ್ಯೆಯನ್ನೂ ಅದರಲ್ಲೇ ಬರೆದು, ದೂರದ ಊರಿನ ನಂಬಿಕಸ್ಥ ನೆಂಟರ ಮನೆಯಲ್ಲಿ ಒಂದು ಪ್ರತಿ ಇಡಿ. ಕಾರ್ಡಿನ ಪೂರ್ತಿ ಸಂಖ್ಯೆ, ಪಿನ್ ಮಾತ್ರ ಎಲ್ಲೂ ಬರೆಯಬೇಡಿ.

ಆ ಪಟ್ಟಿ ಬದಲಿ ಕಾರ್ಡ್ ಬಂದಾಗಲೂ ಕೆಲಸಕ್ಕೆ ಬರುತ್ತದೆ. ಹಳೆಯ ಕಾರ್ಡಿಗೆ ಜೋಡಿಸಿದ್ದ ವಿಮೆಯ ಕಂತು, ಫೋನಿನ ಬಿಲ್, ಡಿಟಿಎಚ್ ಎಲ್ಲವೂ ಸಂಖ್ಯೆ ಬದಲಾದರೆ ನಿಂತುಹೋಗಬಹುದು. ಡಿಟಿಎಚ್ ನಿಂತರೆ ಟಿವಿ ಹೇಳುತ್ತದೆ. ವಿಮೆ ನಿಂತದ್ದು ಆಸ್ಪತ್ರೆಗೆ ಸೇರಿದ ದಿನವೇ ಗೊತ್ತಾಗುವುದು. ಮೊದಲು ಅದನ್ನು ಜೋಡಿಸಿ. ಹಳೆಯ ಕಾರ್ಡ್ ಬೇಡವಾಗಿದ್ದರೆ ಬಾಕಿ ತೀರಿಸಿ, ಮುಚ್ಚುವಂತೆ ಲಿಖಿತವಾಗಿ ಕೇಳಿ. ಕತ್ತರಿಯಿಂದ ತುಂಡರಿಸಿದ ಮಾತ್ರಕ್ಕೆ ಖಾತೆ ಮುಚ್ಚುವುದಿಲ್ಲ. ಬಾಕಿಯಿಲ್ಲದಿದ್ದರೆ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಸಲ್ಲಬೇಕು. ಎರಡು ತಿಂಗಳ ಬಳಿಕ ನಿಮ್ಮ ಸಾಲದ ವರದಿಯನ್ನು ತರಿಸಿ ನೋಡಿ. ಸಿಬಿಲ್ ಸೇರಿದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಬೇಕು.

ಕಾರ್ಡ್ ಬದಲಾಗುವ ಸಮಯ ಕಳ್ಳರಿಗೂ ಸುಗ್ಗಿ. ನಿಮ್ಮ ಹೊಸ ಕಾರ್ಡ್ ಚಾಲೂ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎಂದು ಕರೆ ಬರುತ್ತದೆ. ಹಿಂದಿಯಲ್ಲಿ ಬಂದರೆ ನಾವು ಎಚ್ಚರವಾಗಿರುತ್ತೇವೆ. ಮಲಯಾಳದ ಊರಿನಲ್ಲಿ ಅಚ್ಚ ಕನ್ನಡದಲ್ಲಿ, ಅಣ್ಣಾ, ಅಕ್ಕಾ ಎಂದು ಯಾರಾದರೂ ಮಾತಾಡಿಸಿದರೆ ಮನಸ್ಸು ಕರಗಿಬಿಡುತ್ತದೆ. ಬ್ಯಾಂಕಿನವರು ಯಾವ ಭಾಷೆಯಲ್ಲೂ ಒಟಿಪಿ ಕೇಳುವುದಿಲ್ಲ. ಕರೆ ಇಟ್ಟುಬಿಡಿ, ಕಾರ್ಡಿನ ಹಿಂಬದಿಯ ಸಂಖ್ಯೆಗೆ ನೀವೇ ಕರೆ ಮಾಡಿ. ಹೊಸ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ, ಪಿನ್ ಇಲ್ಲದೆ ತಾಗಿಸಿ ಕೊಡುವುದು, ಈ ಮೂರನ್ನೂ ನೀವೇ ಚಾಲೂ ಮಾಡಬಹುದು, ನೀವೇ ಬಂದ್ ಮಾಡಬಹುದು. ಬೇಡದ್ದನ್ನು ಬಂದೇ ಇಡಿ. ಹಣ ಹೋಯಿತೆಂದು ತಿಳಿದರೆ ಆ ಗಳಿಗೆಯಲ್ಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ಬೇರೆಡೆ ಕಳವಾಗಿದ್ದರೆ, 3 ಕೆಲಸದ ದಿನಗಳಲ್ಲಿ ತಿಳಿಸಿದವರ ಮೇಲೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ನಾಚಿಕೆಯಿಂದ ವಾರ ಕಳೆದರೆ ಆ ರಕ್ಷಣೆ ಕರಗುತ್ತದೆ.

ನಮ್ಮಲ್ಲಿ ಮಲಯಾಳ ಸಲೀಸಾಗಿ ಆಡಿದರೂ ಓದಲು ತಡವರಿಸುವವರು ಅನೇಕರಿದ್ದಾರೆ. ಇಂಗ್ಲಿಷ್ ಕರಾರುಪತ್ರವಂತೂ ದೂರದ ಮಾತು. ಓದು ಬಲ್ಲ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಅಜ್ಜ, ಅಜ್ಜಿ, ಅಪ್ಪ, ಅಮ್ಮನಿಗೆ ಬಂದ ಕಾಗದದಲ್ಲಿ ವಾರ್ಷಿಕ ಶುಲ್ಕ, ಬಡ್ಡಿ, ಗಡುವಿನ ತಾರೀಖು ಈ ಮೂರನ್ನಾದರೂ ಕನ್ನಡದಲ್ಲಿ ಓದಿ ಹೇಳಿ. ಕುಟುಂಬಶ್ರೀಯ ಅಯಲ್‌ಕೂಟ್ಟಕ್ಕೆ ಹೋಗುವ ಅಕ್ಕಂದಿರು ವಾರದ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ತೆಗೆಯಿರಿ. ಗಡಿಯಾಚೆಗಿನ ಗುಂಡ್ಲುಪೇಟೆಯ ಸ್ತ್ರೀಶಕ್ತಿ ಸಂಘಗಳವರೂ ಹಾಗೇ ಮಾಡಬಹುದು. ವಾರದ ಹಣ ತಪ್ಪದೆ ಕಟ್ಟುವ ಶಿಸ್ತು ನಿಮ್ಮಲ್ಲಿ ಆಗಲೇ ಇದೆ. ಕಾರ್ಡು ಕೇಳುವುದೂ ಅದನ್ನೇ.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ವಕೀಲರು ಬೇಡ, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ನಿಮ್ಮ ಕಾರ್ಡಿನ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿದೆ. ಅದನ್ನು ಇವತ್ತೇ ನೋಡಿಕೊಳ್ಳಿ, ಅದಕ್ಕೆ ಎರಡು ತಿಂಗಳ ಮುಂಚೆಯೇ ನಿಮಗೆ ಬೇಕಾದ ಕಾರ್ಡ್ ಯಾವುದೆಂದು ಬ್ಯಾಂಕಿಗೆ ತಿಳಿಸಿ.